ಜೇನಿನ ಕೆಲಸ

ಬೋರ್ಡಿನಲ್ಲಿ ಬರೆದಿದ್ದಾರೆ: ಮಣ್ಣಿಲ್ಲದ ಬೇಸಾಯ.
ನಮ್ಮವ್ವ ಜೀವಮಾನವಿಡೀ ಮಾಡಿದ್ದೂ ಅದನ್ನೇ.
ಶಾಂತಿಗ್ರಾಮದ ಸುತ್ತ ಯಾರ್ಯಾರದೋ ಹೊಲ,
ಸಂಜೆ ಕೈ ತೊಳೆದ ಮೇಲೆ
ಉಗುರಿನ ಸಂದಿಯಲ್ಲಿ ಉಳಿದಷ್ಟೇ ಅವಳ ಪಾಲಿನ ಮಣ್ಣು.

ಇದು ಮೊದಲು ಆಲೂಗಡ್ಡೆಯ ಕೋಲ್ಡ್ ಸ್ಟೋರೇಜು.
ಹದಿನೆಂಟನೇ ವಯಸ್ಸಲ್ಲಿ ಇದೇ ಗೋಡೆಗೆ ಒರಗಿ ಕೂತು
ಜಲಂಧರದಿಂದ ಲಾರಿಯಲ್ಲಿ ಬಂದ ಬಿತ್ತನೆಗಡ್ಡೆ ಹೆಚ್ಚುತ್ತಿದ್ದೆ.
ಹೋಳಿಗೆರಡು ಕಣ್ಣು, ಕಣ್ಣಿಗೆ ಕತ್ತಿ ತಾಗಬಾರದು,
ಮೂಟೆಗಿಷ್ಟು ಕೂಲಿ.
ಆಮೇಲೆ ಅಂಗಮಾರಿ ಬಂತು, ಜನ ಮುಸುಕಿನ ಜೋಳಕ್ಕೆ ಹೊರಳಿದರು,
ಬಾಗಿಲಿಗೆ ಬೀಗ ಬಿತ್ತು. ಬೀಗಕ್ಕೆ ತುಕ್ಕು.

ಈಗ ಒಳಗೆ ಆರು ಅಂತಸ್ತಿನ ತೋಟ.
ರೈಲಿನ ಬರ್ತುಗಳ ಹಾಗೆ ಒಂದರ ಮೇಲೊಂದು ಮಲಗಿದ ಬೆಳೆ,
ಬೇರೆಲ್ಲ ಪೈಪಿನೊಳಗೆ, ನೀರಿಗೆ ಇಳಿಬಿಟ್ಟ ಕಾಲು.
ಹೊತ್ತು ಹುಟ್ಟುವುದು ಬೆಳಗಿನ ನಾಲ್ಕಕ್ಕೆ, ಸ್ವಿಚ್ಚಿನಲ್ಲಿ;
ಮುಳುಗುವುದು ರಾತ್ರಿ ಎಂಟಕ್ಕೆ. ಗ್ರಹಣವಾದರೆ ಜನರೇಟರು.
ನೇರಳೆ ಬೆಳಕಲ್ಲಿ ಎಲೆ ಕಪ್ಪು, ನನ್ನ ಕೈ ಕಪ್ಪು,
ಕಾರೇಕೆರೆ ಕಾಲೇಜಲ್ಲಿ ಓದಿದ ನಫೀಸಾ ಮೇಡಂ ಕೈಯೂ ಕಪ್ಪು.
ಇಲ್ಲಿ ಎಲ್ಲರದೂ ಒಂದೇ ಬಣ್ಣ.

ಕೆಳಗಿನ ನಾಲ್ಕು ಅಂತಸ್ತು ಸೊಪ್ಪು. ಮೇಲಿನೆರಡು ಸ್ಟ್ರಾಬೆರಿ.
ಹೂ ಬಿಡುತ್ತದೆ. ಬಿಟ್ಟ ಹೂವಿಗೆ ಯಾರೂ ಬರುವುದಿಲ್ಲ.
ಅದಕ್ಕೆ ನಾನು.
ತಲೆಗೆ ಟೋಪಿ, ಮೂಗಿಗೆ ಬಟ್ಟೆ, ಏಣಿ ಹತ್ತಿ,
ಮಕ್ಕಳು ಬಣ್ಣ ಹಚ್ಚುವ ಮೂರನೇ ನಂಬರಿನ ಕುಂಚದಲ್ಲಿ
ಹಳದಿ ನಡುವನ್ನು ಒಂದು ಸುತ್ತು ಸವರಿ, ಮುಂದಿನ ಹೂವಿಗೆ.
ದಿನಕ್ಕೆ ಸಾವಿರದಿನ್ನೂರು.
ಜೇನಿನ ಕೆಲಸಕ್ಕೆ ಮನುಷ್ಯರ ಸಂಬಳ.
ಗಂಡ ಕೇಳಿದ: ಊರಲ್ಲಿ ಏನು ಕೆಲಸ ಅಂತ ಹೇಳಲಿ?
ಸಂಬಂಧ ಕುದುರಿಸೋದು ಅಂತ ಹೇಳು, ಅಂದೆ.

ದೂರು ಹೇಳುತ್ತಿಲ್ಲ. ಸೊಂಟ ಬಗ್ಗಿಸಬೇಕಾಗಿಲ್ಲ,
ಔಷಧಿ ಹೊಡೆದ ರಾತ್ರಿಯ ತಲೆಸುತ್ತು ಇಲ್ಲ,
ಮಳೆ ಬೀಳಲಿ ಬಿಡಲಿ, ಐದನೇ ತಾರೀಕು ಸಂಬಳ ಬೀಳುತ್ತದೆ.
ಒಂದೇ ನೀರು ಗಾಣದೆತ್ತಿನಂತೆ ಸುತ್ತಿ ಸುತ್ತಿ ಬರುತ್ತದೆ.
ಕರೆಂಟು ಬಿಲ್ಲು ಬಂದ ದಿನ ಮಾತ್ರ
ಮೇಡಂ ಊಟದ ಡಬ್ಬಿ ತೆರೆಯುವುದಿಲ್ಲ.

ಮೊನ್ನೆ ಮಂಗಳವಾರ ನಿಜವಾದ ಜೇನೊಂದು ಬಂತು.
ಎರಡು ಬಾಗಿಲು, ಗಾಳಿ ಊದುವ ಕೋಣೆ, ಎಲ್ಲ ದಾಟಿ.
ನನ್ನ ಜಡೆಯಲ್ಲೇ ಕೂತು ಬಂದಿರಬೇಕು:
ಹೂ ಮುಡಿದು ಬರಬಾರದು ಅಂತ ಕಾನೂನು,
ಅವತ್ತು ಮಗಳ ಹುಟ್ಟುಹಬ್ಬ, ಟೋಪಿಯೊಳಗೆ ಒಂದು ಗೇಣು ಕಾಕಡ.
ಪಾಪ, ಅದಕ್ಕೆ ಸೂರ್ಯ ಯಾವ ಕಡೆ ಅಂತ ತಿಳಿಯಲಿಲ್ಲ,
ಇಲ್ಲಿ ಅಂತಸ್ತಿಗೊಂದು ಸೂರ್ಯ.
ದೀಪಕ್ಕೆ ಬಡಿದು, ಪೈಪಿಗೆ ಬಡಿದು,
ಕೊನೆಗೆ ನನ್ನ ಎಂಟನೇ ತಟ್ಟೆಗಿಳಿಯಿತು.
ನಾನು ಕುಂಚ ಕೆಳಗಿಟ್ಟೆ,
ಮೇಷ್ಟ್ರು ಬಂದಾಗ ಹುಡುಗರು ಬಳಪ ಇಡುವ ಹಾಗೆ.
ಅದು ಸವರುವುದಿಲ್ಲ. ಇಡೀ ಮೈಯನ್ನೇ ಹೂವಿಗೆ ಹಾಕಿ ಹೊರಳುತ್ತದೆ,
ಕೆರೆಗಿಳಿದ ಎಮ್ಮೆ.
ನಾಚಿಕೆಯಾಯಿತು ನನ್ನ ಇಷ್ಟು ದಿನದ ನಾಜೂಕಿಗೆ.

ಮೇಡಂ ಗಾಜಿನಾಚೆಯಿಂದ ಸ್ಪ್ರೇ ತೋರಿಸಿದರು.
ಸ್ವಲ್ಪ ತಡೆಯಿರಿ ಅಂತ ಕೈ ಮಾಡಿದೆ. ತಡೆದರು.
ನಾಲ್ಕನೇ ಹೂವಾದ ಮೇಲೆ ಟೀ ಲೋಟ ಕವುಚಿ,
ಅಡಿಗೆ ಹಾಜರಿ ಕಾರ್ಡು ಸರಿಸಿ, ಹಿಂಬಾಗಿಲಿಗೆ ಒಯ್ದೆವು,
ಇಬ್ಬರೂ.

ಒಳಗಿಂದ ಬಂದವರಿಗೆ ಹತ್ತು ನಿಮಿಷ ಹಾಸನ ಪೂರ್ತಿ ಹಸಿರು.
ಎಪಿಎಂಸಿ ಗೋಡೆ ಹಸಿರು, ಆಕಾಶ ಹಸಿರು,
ಬಿಳಿ ಹಸು ಹಸಿರು, ಮೇಡಂ ಹಲ್ಲೂ ಹಸಿರು.
ತನಗೆ ಸಿಗದ ಬಣ್ಣವನ್ನು ಕಣ್ಣು ಸಾಲ ತರುತ್ತದಂತೆ, ಹಾಗಂದರು.
ಆ ಹಸಿರಿನೊಳಗೆ ಲೋಟ ತೆಗೆದೆ.
ಜೇನು ಒಂದು ಸುತ್ತು ಹಾಕಿ, ಹೊತ್ತು ನೋಡಿಕೊಂಡು
ಗೊರೂರಿನ ದಿಕ್ಕಿಗೆ ಹೋಯಿತು.

ರಿಜಿಸ್ಟರಿನಲ್ಲಿ ಬರೆಯಬೇಕಲ್ಲ.
ಎಂಟನೇ ತಟ್ಟೆ, ಹೂ ನಲವತ್ತೊಂದು.
ಜವರಮ್ಮ: ಮೂವತ್ತೇಳು.
ಇನ್ನೊಬ್ಬರು: ನಾಲ್ಕು.
ಅವರ ಸಹಿಯ ಜಾಗ ಖಾಲಿ ಬಿಟ್ಟೆ.
ಮೇಡಂ ಓದಿ, ಸೀಲು ಒತ್ತಿದರು.